ಮಾವ ರಿಪೇರಿ ಮಾಡಿದ ಕಂಪ್ಯೂಟರ್

ನಮ್ಮ ಮನೆಯ ಕಂಪ್ಯೂಟರ್ ಗುಂಡಿ ಒತ್ತಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ಹದಿನಾಲ್ಕು ನಿಮಿಷ ಹಿಡಿಯುತ್ತಿತ್ತು. ಅಂದಾಜಿನ ಮಾತಲ್ಲ, ಗೋಡೆಯ ಗಡಿಯಾರ ನೋಡಿಕೊಂಡು ಎಷ್ಟೋ ಸಲ ಎಣಿಸಿದ್ದೇನೆ. ಹೊಸದಾಗಿ ಬಂದಾಗ ಅದು ಎರಡು ನಿಮಿಷದಲ್ಲಿ ಏಳುತ್ತಿತ್ತು. ಎರಡನ್ನು ಹದಿನಾಲ್ಕಕ್ಕೆ ಏರಿಸಿದ ಸಾಧನೆ ಪೂರ್ತಿಯಾಗಿ ಒಬ್ಬರದೇ. ಅವರು ನನ್ನ ಸೋದರತ್ತೆಯ ಗಂಡ, ಪುಟ್ಟಸ್ವಾಮಿ ಮಾವ. ಪ್ರತಿ ಭಾನುವಾರ ನಮ್ಮ ಮನೆಗೆ ಬಂದು, ಊಟ ಮಾಡಿ, ಕಂಪ್ಯೂಟರಿನ ವೇಗ ಹೆಚ್ಚಿಸಿ ಹೋಗುತ್ತಿದ್ದರು. ನನಗಾಗ ಹನ್ನೆರಡು ವರ್ಷ. ಮನುಷ್ಯರನ್ನು ಕೀಳಾಗಿ ಕಾಣುವುದನ್ನು ನಾನು ಕಲಿತದ್ದು ಆ ಭಾನುವಾರಗಳಲ್ಲಿ. ಆಮೇಲೆ ಬೇಕಾದಷ್ಟು ಅಭ್ಯಾಸವಾಯಿತು, ಆದರೆ ಮೊದಲ ಪಾಠ ಅಲ್ಲಿಯದೇ.

ಮನೆ ಎಂದರೆ ಜಯಲಕ್ಷ್ಮಿಪುರಂನ ಒಂದು ಅಡ್ಡರಸ್ತೆಯಲ್ಲಿ, ದೊಡ್ಡ ಬಂಗಲೆಯೊಂದರ ಹಿಂದಿದ್ದ ಔಟ್‌ಹೌಸ್. ಮುಂದೆ ಕಲ್ಲುಚಪ್ಪಡಿಯ ಜಗುಲಿ, ಒಳಗೆ ಒಂದು ಹಾಲು, ಒಂದು ಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೆ ಬರಬೇಕಾದಂಥ ಅಡುಗೆಮನೆ. ಕಂಪ್ಯೂಟರನ್ನು ಹಾಲಿನಲ್ಲಿ ದೇವರ ಗೂಡಿನ ಕೆಳಗೇ ಇಡಬೇಕೆಂದು ಅಜ್ಜಿ ಹಟ ಹಿಡಿದಳು, ಇಟ್ಟರು. ಸೋದರತ್ತೆ ಹಳೆಯ ಕರ್ಟನ್ ಬಟ್ಟೆಯಲ್ಲಿ ಅದಕ್ಕೊಂದು ನೆರಿಗೆ ನೆರಿಗೆಯ ಮುಸುಕು ಹೊಲಿದುಕೊಟ್ಟಳು. ಶುಕ್ರವಾರ ಅಜ್ಜಿ ಅದರ ನೆತ್ತಿಗೆ ಕುಂಕುಮ ಇಡುತ್ತಿದ್ದಳು, ಆ ಕುಂಕುಮ ಉದುರಿ ಕೀಬೋರ್ಡಿನ ಸಂದಿಗೆ ಇಳಿಯುತ್ತಿತ್ತು, ಶನಿವಾರ ಅಮ್ಮ ಹಳೆಯ ಟೂತ್‌ಬ್ರಷ್‌ನಲ್ಲಿ ಅದನ್ನು ಕೆರೆದು ತೆಗೆಯುತ್ತಿದ್ದಳು. ತಿಂಗಳ ಮೂರು ದಿನ ಸೊಸೆ ಅದನ್ನು ಮುಟ್ಟಕೂಡದೆಂದು ಅಜ್ಜಿ ಒಮ್ಮೆ ಹೇಳಿ ನೋಡಿದಳು. ಅಮ್ಮ ಕಿವಿಗೆ ಬೀಳದವಳಂತೆ ಟೈಪ್ ಮಾಡುತ್ತಲೇ ಇದ್ದಳು. ಇಷ್ಟೆಲ್ಲ ಪೂಜೆಗೆ ಒಳಗಾದ ಆ ಯಂತ್ರವನ್ನು ನಿಜವಾಗಿ ಉಪಯೋಗಿಸಲು ಬರುತ್ತಿದ್ದುದು ಮನೆಯಲ್ಲಿ ಅಮ್ಮನೊಬ್ಬಳಿಗೆ. ಅವಳ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಅಮ್ಮ ಕನ್ನಡದಲ್ಲಿ ಪಿಎಚ್.ಡಿ. ಪ್ರಬಂಧಗಳನ್ನು ಟೈಪ್ ಮಾಡಿಕೊಡುತ್ತಿದ್ದಳು. ವಿಶ್ವವಿದ್ಯಾಲಯ ಹತ್ತಿರವಾದ್ದರಿಂದ ಸಂಶೋಧಕರಿಗೆ ಬರವಿರಲಿಲ್ಲ. ಕೈಯಲ್ಲಿ ಬರೆದ ಹಾಳೆಗಳ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಬಂದು, ಜಗುಲಿಯ ಮೇಲೆ ಕೂತು, ಅಮ್ಮ ಕೊಟ್ಟ ಕಾಫಿ ಕುಡಿದು, ತಮ್ಮ ಸಂಶೋಧನೆಯ ಮಹತ್ವ ವಿವರಿಸಿ ಹೋಗುತ್ತಿದ್ದರು. ಡಾಕ್ಟರಾಗಲು ಹೊರಟ ಆ ಮಹನೀಯರಲ್ಲಿ ಅರ್ಧಕ್ಕರ್ಧ ಜನಕ್ಕೆ ಅಲ್ಪಪ್ರಾಣ ಯಾವುದು, ಮಹಾಪ್ರಾಣ ಯಾವುದು ಎಂದು ತಿಳಿಯದು. ಪಿಯುಸಿಗೆ ಓದು ನಿಲ್ಲಿಸಿದ ಅಮ್ಮ ಅವರ ಕಾಗುಣಿತ ತಿದ್ದುತ್ತಿದ್ದಳು, ಅರ್ಧಕ್ಕೆ ನಿಂತ ವಾಕ್ಯ ಮುಗಿಸುತ್ತಿದ್ದಳು, ಒಂದೇ ಪುಟವನ್ನು ಎರಡು ಅಧ್ಯಾಯಕ್ಕೆ ಹಾಕಿದ್ದರೆ ಮೆಲ್ಲಗೆ ಹೇಳುತ್ತಿದ್ದಳು. ಪ್ರಬಂಧದ ಮೊದಲ ಪುಟದಲ್ಲಿ ಅವರು ಗುರುಗಳಿಗೂ, ತಂದೆತಾಯಿಗೂ, ಹಾಸ್ಟೆಲಿನ ವಾರ್ಡನ್ನಿಗೂ ವಂದನೆ ಹೇಳಿರುತ್ತಿದ್ದರು. ಆ ವಂದನೆಗಳನ್ನೂ ಅಮ್ಮನೇ ಟೈಪ್ ಮಾಡಬೇಕಿತ್ತು. ಅಪ್ಪ ಬಸ್ ಡಿಪೋದ ಸ್ಟೋರಿನಲ್ಲಿದ್ದ, ಒಳ್ಳೆಯವನು, ಯಾರಿಗೂ ಎದುರಾಡದವನು. ಮನೆ ನಡೆಯುತ್ತಿದ್ದುದು ಅಮ್ಮನ ಬೆರಳುಗಳಿಂದ ಎಂಬುದು ಅವನಿಗೂ ಗೊತ್ತಿತ್ತು. ಗೊತ್ತಿದ್ದುದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗಿರಲಿಲ್ಲ, ಅಷ್ಟೆ.

ಪುಟ್ಟಸ್ವಾಮಿ ಮಾವ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸಕ್ಕಿದ್ದರು. ಬೆಳಿಗ್ಗೆ ಬೀಗ ತೆಗೆಯುವುದು, ಸಂಜೆ ಬೀಗ ಹಾಕುವುದು, ನಡುವೆ ಹುಡುಗರು ಚಪ್ಪಲಿ ಹೊರಗೆ ಬಿಟ್ಟಿದ್ದಾರೋ ಇಲ್ಲವೋ ನೋಡುವುದು. ನಮ್ಮ ಮನೆಗೆ ಬರುವಷ್ಟರಲ್ಲಿ ಅದು "ಸಿಸ್ಟಮ್ಸ್ ಎಲ್ಲಾ ನಮ್ ಕೈಲೇ ಇರೋದು" ಎಂದಾಗಿರುತ್ತಿತ್ತು. ಅವರು ಮನೆಯ ಅಳಿಯ. ಅಳಿಯನ ಮಾತಿಗೆ ನಮ್ಮಲ್ಲಿ ಎದುರು ಮಾತಿಲ್ಲ. ಭಾನುವಾರ ಮಟನ್ ಸಾರು ಕುದಿಯುವ ಹೊತ್ತಿಗೆ ಸರಿಯಾಗಿ ಅವರ ಸ್ಕೂಟರ್ ಗೇಟಿನೊಳಗೆ ಬರುತ್ತಿತ್ತು. ಅಂಗಿಜೇಬಿನಲ್ಲಿ ಯಾವುದಾದರೂ ಕಂಪ್ಯೂಟರ್ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ. ಇರುತ್ತಿತ್ತು. ಕೈಕಾಲು ತೊಳೆದು, ಕುರ್ಚಿ ಎಳೆದುಕೊಂಡು, ಮುಸುಕು ತೆಗೆದು ಗುಂಡಿ ಒತ್ತುತ್ತಿದ್ದರು. ಹದಿನಾಲ್ಕು ನಿಮಿಷ ನಾವೆಲ್ಲ ಅವರ ಹಿಂದೆ ನಿಂತು ಕಪ್ಪು ತೆರೆಯನ್ನು ನೋಡಬೇಕು.

"ಧೂಳು ಜಾಸ್ತಿ ಆಗಿದೆ ಕಣಮ್ಮ. ಅದಕ್ಕೇ ಸ್ಲೋ."

"ಹೋದ ವಾರ ತಾನೇ ಧೂಳು ಹೊಡೆದ್ರಿ ಅಣ್ಣ," ಎನ್ನುತ್ತಿದ್ದಳು ಅಮ್ಮ.

"ಒಳಗಿನ ಧೂಳು ಬೇರೆ. ಅದಕ್ಕೆ ಸಾಫ್ಟ್‌ವೇರೇ ಹಾಕ್ಬೇಕು."

ಹಾಕುತ್ತಿದ್ದರು. ಒಂದು ವಾರ ವೈರಸ್ ಹಿಡಿಯುವುದು, ಮುಂದಿನ ವಾರ ಅದಕ್ಕಿಂತ ಚೆನ್ನಾಗಿ ವೈರಸ್ ಹಿಡಿಯುವುದು. ಎರಡೂ ಒಂದನ್ನೊಂದು ವೈರಸ್ ಎಂದು ತಿಳಿದು ಕಚ್ಚಾಡುತ್ತ ಕೂರುತ್ತಿದ್ದವು. ಮತ್ತೊಂದು ವಾರ ಕಸ ಗುಡಿಸುವುದು, ಇನ್ನೊಂದು ವಾರ ಆ ಕಸ ಗುಡಿಸುವುದಕ್ಕೆ ವೇಗ ಕೊಡುವುದು. ಅಜ್ಜಿಗೆ ಖುಷಿಯಾಗಲೆಂದು ಹಚ್ಚಿದಾಗಲೆಲ್ಲ ತಾನಾಗಿಯೇ ಶ್ಲೋಕ ಹೇಳುವ ಗಂಟೆ, ನನಗೆ ಖುಷಿಯಾಗಲೆಂದು ತೆರೆಯ ಮೇಲೆ ಅಡ್ಡಾದಿಡ್ಡಿ ಈಜುವ ಮೀನು. ನನಗೆ ಆ ಮೀನನ್ನು ಕಂಡರೆ ಆಗುತ್ತಿರಲಿಲ್ಲ. ಗುಂಡಿ ಒತ್ತಿದ ಕೂಡಲೇ ಇವಿಷ್ಟೂ ಒಟ್ಟಿಗೆ ಎದ್ದು ಬಾಗಿಲಲ್ಲಿ ನೂಕಾಡುತ್ತಿದ್ದವು. ನಿಧಾನವಾದಷ್ಟೂ ಮಾವ ಹೊಸದೊಂದನ್ನು ತಂದು ಹಾಕುತ್ತಿದ್ದರು. ಅಜ್ಜಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಮೆಚ್ಚಿಕೊಳ್ಳುತ್ತಿದ್ದಳು.

"ನಮ್ಮ ಅಳಿಯಂದ್ರು ಇಲ್ದೇ ಓಗಿದ್ರೆ ಆ ಡಬ್ಬನ ಯಾವತ್ತೋ ಗುಜರಿಗೆ ಆಕ್ಬೇಕಾಗ್ತಿತ್ತು ಬುಡು."

ಆ ವರ್ಷದ ಬೇಸಿಗೆಯಲ್ಲಿ ಕರೆಂಟಿನ ಕಾಟ ಜೋರಾಯಿತು. ಬೆಳಿಗ್ಗೆ ಆರರಿಂದ ಎಂಟರವರೆಗೆ ಇಲ್ಲ, ಮಧ್ಯಾಹ್ನ ಒಂದರಿಂದ ಮೂರರವರೆಗೆ ಇಲ್ಲ, ಇರುವ ಹೊತ್ತಿನಲ್ಲೂ ಕಣ್ಣು ಮಿಟುಕಿಸಿದಂತೆ ಹೋಗಿ ಬರುವುದು. ಹೋಗಿ ಬಂದಾಗಲೆಲ್ಲ ಮತ್ತೆ ಹದಿನಾಲ್ಕು ನಿಮಿಷ. ಅಮ್ಮ ಗುಂಡಿ ಒತ್ತಿ ಅಡುಗೆಮನೆಗೆ ಹೋಗಿ ಹುರುಳಿಕಾಯಿ ಬಿಡಿಸಿ ಬರುವಳು, ಇನ್ನೂ ಮೀನು ಬಂದಿರುತ್ತಿರಲಿಲ್ಲ. ಹೋಗಿ ಬಟ್ಟೆ ಹಿಂಡಿ ಬರುವಳು, ಶ್ಲೋಕ ಶುರುವಾಗಿರುತ್ತಿತ್ತು, ಅಷ್ಟೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಕುರ್ಚಿಯ ಅಂಚಿನಲ್ಲಿ ಕೂತು ಕಾಯುತ್ತಿದ್ದ ರೀತಿ ನೋಡಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ಯಂತ್ರದ ಮೇಲಲ್ಲ, ಮಾವನ ಮೇಲೆ. ಅಮ್ಮನ ಮೇಲೂ ಸ್ವಲ್ಪ. ಬೇಡ ಎನ್ನಲು ಇವಳಿಗೇನು ಕಷ್ಟ ಎಂದು.

ಬೇಸಿಗೆ ರಜೆಯಾದ್ದರಿಂದ ನಾನು ದಿನವೂ ವಾಚನಾಲಯಕ್ಕೆ ಹೋಗುತ್ತಿದ್ದೆ. ಅಲ್ಲಿ ಒಂದು ಕಂಪ್ಯೂಟರ್ ಪತ್ರಿಕೆಯ ಹಳೆಯ ಸಂಚಿಕೆ ಸಿಕ್ಕಿತು. ಅದರ ಸಿ.ಡಿ.ಯನ್ನು ಯಾರೋ ಕಿತ್ತುಕೊಂಡಿದ್ದರು, ಅದೇ ಪುಣ್ಯ. ಉಳಿದ ಪುಟದಲ್ಲಿ ನನಗೆ ಬೇಕಾದದ್ದೇ ಇತ್ತು. ಕಂಪ್ಯೂಟರ್ ಏಳುವಾಗ ಯಾವ ಯಾವ ಪ್ರೋಗ್ರಾಮುಗಳು ತಾವಾಗಿಯೇ ಏಳಬೇಕು ಎಂಬುದಕ್ಕೆ ಒಳಗೊಂದು ಪಟ್ಟಿ ಇರುತ್ತದೆ. ಪ್ರತಿ ಹೆಸರಿನ ಮುಂದೆ ಒಂದು ಚೌಕ, ಚೌಕದಲ್ಲಿ ಒಂದು ಸರಿ ಗುರುತು. ಬೇಡವಾದದ್ದರ ಗುರುತು ತೆಗೆದರೆ ಅದು ಏಳುವುದಿಲ್ಲ. ಇಷ್ಟೇ. ಮಾವನ ಒಂದು ವರ್ಷದ ಪಾಂಡಿತ್ಯಕ್ಕೆ ಎಂಟು ಸಾಲಿನ ಉತ್ತರ. ಅದನ್ನು ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬರೆದುಕೊಂಡು ಬಂದೆ.

ಶನಿವಾರ ಮಧ್ಯಾಹ್ನ ಅಮ್ಮ ದೇವರಾಜ ಮಾರುಕಟ್ಟೆಗೆ ಹೋಗಿದ್ದಳು, ಅಜ್ಜಿ ಮಲಗಿದ್ದಳು. ನಾನು ಪಟ್ಟಿಯನ್ನು ತೆರೆದೆ. ಇಪ್ಪತ್ತಮೂರು ಹೆಸರುಗಳಿದ್ದವು. ಕೆಲವು ಯಾವುವೆಂದು ಗೊತ್ತಾಯಿತು, ಹಲವು ಬರೀ ಇಂಗ್ಲಿಷ್ ಅಕ್ಷರಗಳ ರಾಶಿ. ಬೇಡವಾದದ್ದನ್ನು ಮಾತ್ರ ತೆಗೆಯಿರಿ ಎಂದು ಪತ್ರಿಕೆಯವರು ಸ್ಪಷ್ಟವಾಗಿ ಬರೆದಿದ್ದರು. ಆದರೆ ಮಾವ ಮುಟ್ಟಿದ ಪಟ್ಟಿಯಲ್ಲಿ ಬೇಕಾದದ್ದು ಇರಲು ಹೇಗೆ ಸಾಧ್ಯ? ಒಂದೊಂದನ್ನೂ ಓದುವ ಮರ್ಯಾದೆಯನ್ನೂ ನಾನು ಆ ಪಟ್ಟಿಗೆ ಕೊಡಲಿಲ್ಲ. ಮೇಲಿನಿಂದ ಕೆಳಗಿನವರೆಗೆ ಇಪ್ಪತ್ತಮೂರು ಗುರುತನ್ನೂ ತೆಗೆದು ಹಾಕಿದೆ. ಆರಿಸಿ ಮತ್ತೆ ಹಚ್ಚಿದೆ. ಒಂದು ನಿಮಿಷ ನಲವತ್ತು ಸೆಕೆಂಡಿಗೆ ತೆರೆ ಸಿದ್ಧವಾಗಿತ್ತು. ಮೀನಿಲ್ಲ, ಶ್ಲೋಕವಿಲ್ಲ. ನಾನು ಎದ್ದು ಹಾಲಿನಲ್ಲಿ ಒಬ್ಬಳೇ ಎರಡು ಸುತ್ತು ಕುಣಿದೆ. ಅಮ್ಮ ಬಂದ ಮೇಲೆ ಹೇಳಲಿಲ್ಲ, ಸೋಮವಾರದವರೆಗೆ ಅವಳು ಟೈಪ್ ಮಾಡಲು ಕೂರಲೂ ಇಲ್ಲ. ಹೇಳುವುದಕ್ಕೆ ಭಾನುವಾರವಿತ್ತು, ಎಲ್ಲರೂ ಇರುತ್ತಿದ್ದರು.

ಭಾನುವಾರ ಮಾವ ಬಂದರು, ಕೂತರು, ಗುಂಡಿ ಒತ್ತಿದರು. ಅಮ್ಮ ನೀರಿನ ಲೋಟ ತಂದು ಕೊಡುವಷ್ಟರಲ್ಲಿ ತೆರೆ ಬೆಳಗಿತ್ತು. ಮಾವನ ಮುಖದಲ್ಲಿ ಒಂದು ಕ್ಷಣ ಗಾಬರಿ ಕಂಡಿತು. ನಾನು ನೋಡಿದೆ. ಅದು ಮಾಯವಾಗಲು ಮತ್ತೊಂದು ಕ್ಷಣ ಸಾಕಾಯಿತು.

"ನೋಡಿದ್ರಾ? ಹೋದ ವಾರ ಹಾಕಿದ್ದು ಈಗ ಕೆಲಸ ಶುರು ಮಾಡಿದೆ. ಇಂಥದಕ್ಕೆಲ್ಲ ಒಂದು ವಾರ ಟೈಮ್ ಕೊಡ್ಬೇಕು."

"ನಾನು ಮಾಡಿದ್ದು ಅದು," ಎಂದೆ. "ನಿನ್ನೆ. ನೀವು ಹಾಕಿದ್ದನ್ನೆಲ್ಲ ನಿಲ್ಲಿಸಿದೆ, ಅದಕ್ಕೇ ಬೇಗ ಬಂತು."

ಮಾವ ನಕ್ಕರು. ಅಜ್ಜಿಯೂ ನಕ್ಕಳು.

"ಪಾಪು, ಇದು ಗೇಮ್ ಆಡ್ದಂಗಲ್ಲ ಕಣಮ್ಮ."

"ಸವೀ, ದೊಡ್ಡೋರ ಮುಂದೆ ಹಂಗೆಲ್ಲ ಮಾತಾಡ್ಬಾರ್ದು," ಎಂದ ಅಪ್ಪ, ನನ್ನ ಮುಖ ನೋಡದೆ.

ಅಮ್ಮ ಖಾಲಿ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದಳು. ಊಟಕ್ಕೆ ಕೂತಾಗ ಪ್ರತಿ ವಾರ ನನ್ನ ತಟ್ಟೆಗೆ ಬೀಳುತ್ತಿದ್ದ ನಲ್ಲಿ ಮೂಳೆಯನ್ನು ಅಜ್ಜಿ ಮಾವನ ತಟ್ಟೆಗೆ ಹಾಕಿದಳು. ಅವರು ಅದನ್ನು ತಟ್ಟೆಯ ಅಂಚಿಗೆ ಕುಟ್ಟಿ ಕುಟ್ಟಿ, ಬಾಯಿಗಿಟ್ಟು ಹೀರಿದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಮುದ್ದೆ ಮುರಿಯುತ್ತ ನಾನು ಅವರ ಗಲ್ಲದ ಮೇಲಿನ ಸಾರನ್ನೇ ನೋಡುತ್ತಿದ್ದೆ. ಇವರು ಪೆದ್ದರು, ಇವರನ್ನು ನಂಬಿದವರೂ ಪೆದ್ದರು ಎಂದು ತೀರ್ಮಾನ ಮಾಡಿದೆ. ಆ ಪಟ್ಟಿಯಲ್ಲಿ ಅಪ್ಪನೂ ಇದ್ದ, ಅಮ್ಮನೂ ಇದ್ದಳು.

ಸೋಮವಾರ ಒಂಬತ್ತೂವರೆಗೆ ಮಂಜುಳಾ ಬಂದಳು. ಹೆಂಗಸರು ನಾಟಿ ಮಾಡುವಾಗ ಹೇಳುವ ಹಾಡುಗಳ ಬಗ್ಗೆ ಪ್ರಬಂಧ ಬರೆಯುತ್ತಿದ್ದವಳು. ಹಾಸ್ಟೆಲಿನಲ್ಲಿದ್ದಳು, ಅವಳ ಕೇರಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹುಡುಗಿ. ಅಮ್ಮನಿಗೆ ಬರುತ್ತಿದ್ದ ಅಷ್ಟೂ ಗಿರಾಕಿಗಳಲ್ಲಿ ಕಾಗುಣಿತ ತಪ್ಪಿಲ್ಲದೆ ಬರೆಯುತ್ತಿದ್ದವಳು ಅವಳೊಬ್ಬಳೇ. ಅಂದು ಸಂಜೆ ನಾಲ್ಕಕ್ಕೆ ಪ್ರಬಂಧ ಸಲ್ಲಿಸಲು ಕೊನೆಯ ಗಡುವು. ಕೊನೆಯ ಅಧ್ಯಾಯ ಬಿಟ್ಟು ಉಳಿದ ಪುಟಗಳೆಲ್ಲ ಬೈಂಡಿಂಗ್ ಅಂಗಡಿಯಲ್ಲಿದ್ದವು. ಆ ಅಧ್ಯಾಯದ ಆರು ಪುಟ ಮಾತ್ರ ಗೈಡ್ ಹೇಳಿದಂತೆ ಹೊಸದಾಗಿ ಬರೆದು ಟೈಪ್ ಮಾಡಿಸಬೇಕಿತ್ತು. ಅಮ್ಮ ಗುಂಡಿ ಒತ್ತಿದಳು, ಕಂಪ್ಯೂಟರ್ ಥಟ್ಟನೆ ಎದ್ದಿತು, ಇಬ್ಬರೂ ಮುಖ ಮುಖ ನೋಡಿ ನಕ್ಕರು. ಆಮೇಲೆ ಅಮ್ಮ ಬೆರಳು ಆಡಿಸಿದಳು. ಕನ್ನಡ ಬರಲಿಲ್ಲ. ಯಾವ ಕೀಲಿ ಒತ್ತಿದರೂ ತಲೆಬುಡವಿಲ್ಲದ ಚಿಹ್ನೆಗಳು.

ನನಗೆ ಆ ಕ್ಷಣವೇ ಗೊತ್ತಾಯಿತು. ಕೀಲಿಗಳನ್ನು ಕನ್ನಡಕ್ಕೆ ತಿರುಗಿಸುವ ಪುಟ್ಟ ಪ್ರೋಗ್ರಾಮು ಕಂಪ್ಯೂಟರಿನ ಜೊತೆಗೇ ಏಳುತ್ತಿತ್ತು, ಸದ್ದಿಲ್ಲದೆ. ಅದು ಬೇರೆಯೇ ಒಂದು ವಸ್ತು ಎಂಬುದು ಅಮ್ಮನಿಗೇ ತಿಳಿದಿರಲಿಲ್ಲ. ಮಾವ ಹಾಕಿದ್ದಲ್ಲ ಅದು, ಮಾರಿದವರೇ ಹಾಕಿಕೊಟ್ಟದ್ದು. ನಾನು ಓದದೆ ಅಳಿಸಿದ ಇಪ್ಪತ್ತಮೂರರಲ್ಲಿ ಅದೂ ಒಂದು. ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ಹೇಳಿದಳು:

"ಅಳಿಯಂದ್ರಿಗೆ ಫೋನ್ ಮಾಡು. ಅವರು ತಾನೇ ಸರಿ ಮಾಡಿದ್ದು, ಅವರೇ ನೋಡ್ಕೋತಾರೆ."

ತೆರೆದ ಬಾಯನ್ನು ಮುಚ್ಚಿದೆ. ನಿನ್ನೆ ನಾನೇ ಮಾಡಿದ್ದು ಎಂದು ಮೂಳೆ ಹೀರಿದವರು ಇವತ್ತೂ ನಾನೇ ಮಾಡಿದ್ದು ಎನ್ನಲಿ. ಬರಲಿ, ನೋಡೋಣ.

ಮಾವ ಲ್ಯಾಬಿಗೆ ಬೀಗ ಹಾಕಿ ಬರುವಷ್ಟರಲ್ಲಿ ಹನ್ನೊಂದಾಗಿತ್ತು. ಕೂತು ಅದನ್ನು ಒತ್ತಿದರು, ಇದನ್ನು ಒತ್ತಿದರು. ಮೂರು ಸಲ ಆರಿಸಿ ಹಚ್ಚಿದರು. ಕೀಬೋರ್ಡನ್ನು ಬೋರಲು ಹಾಕಿ ತಟ್ಟಿದರು, ಒಂದಿಷ್ಟು ಕುಂಕುಮ ಉದುರಿತು. ಅವರ ಕುತ್ತಿಗೆಯ ಹಿಂದೆ ಬೆವರು ಇಳಿಯುವುದನ್ನು ನಾನು ಗೋಡೆಗೊರಗಿ ನೋಡುತ್ತಿದ್ದೆ. ಅಷ್ಟು ಸುಖ ನನಗೆ ಯಾವ ಹಬ್ಬದಲ್ಲೂ ಆಗಿರಲಿಲ್ಲ. ಮಂಜುಳಾ ಜಗುಲಿಯ ಮೆಟ್ಟಿಲ ಮೇಲೆ ಕೂತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಬೆನ್ನು ಅಳುವಿಗೆ ಅಲುಗಾಡತೊಡಗಿತು. ಅದನ್ನೂ ನೋಡಿದೆ.

ಹನ್ನೆರಡರ ಹೊತ್ತಿಗೆ ಮಾವ ಬ್ಯಾಗಿನಿಂದ ಒಂದು ಸಿ.ಡಿ. ತೆಗೆದು ಹಾಕಿದರು. ತೆರೆ ನೀಲಿಯಾಗಿ, ಬಿಳಿ ಅಕ್ಷರಗಳು ಬಂದವು.

"ಫಾರ್ಮ್ಯಾಟ್ ಹೊಡೆದ್ರೆ ಹೊಸದರ ಥರ ಆಗುತ್ತೆ ಕಣಮ್ಮ."

ಅಮ್ಮ ಬಗ್ಗಿ ಆ ಇಂಗ್ಲಿಷನ್ನು ಒಂದೊಂದೇ ಪದ ಕೂಡಿಸಿಕೊಂಡು ಓದಿದಳು.

"ಒಳಗಿರೋದೆಲ್ಲ ಅಳಿಸಿ ಹೋಗುತ್ತೆ ಅಂತ ಬರೆದಿದೆಯಲ್ಲಣ್ಣ?"

"ಅದು ಸುಮ್ನೆ ಹೆದರ್ಸೋಕೆ ಹಾಕಿರ್ತಾರೆ. ಎಲ್ರ ಮನೇಲೂ ಹಂಗೇ ಬರುತ್ತೆ."

ಅವರ ಬೆರಳು ಕೀಲಿಯ ಮೇಲಿತ್ತು. ಅಳಿಸಿ ಹೋಗುವುದು ನಿಜವೆಂದು ನನಗೆ ಗೊತ್ತಿತ್ತು, ಆ ಪತ್ರಿಕೆಯಲ್ಲೇ ಓದಿದ್ದೆ. ಮಂಜುಳಾಳ ಆ ಅಧ್ಯಾಯ ಇನ್ನೂ ಫ್ಲಾಪಿಗೆ ಇಳಿದಿರಲಿಲ್ಲ, ಅಮ್ಮನ ಬೇರೆ ಮೂರು ಜನರ ಕೆಲಸವೂ ಅದರೊಳಗಿತ್ತು. ಆಗಲೂ ನಾನು ಬಾಯಿ ಬಿಡಲಿಲ್ಲ. ಈ ಮಾತನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದ್ದೇನೆ. ಬರೆಯದಿದ್ದರೆ ಉಳಿದದ್ದಕ್ಕೆ ಬೆಲೆಯಿಲ್ಲ.

ಅಮ್ಮ ಗೋಡೆಯ ಸ್ವಿಚ್ಚು ಆರಿಸಿದಳು. ತೆರೆ ಕಪ್ಪಾಯಿತು.

"ಬೇಡ ಅಣ್ಣ. ಏಳಿ."

"ಏನಮ್ಮ ಇದು, ಅರ್ಧದಲ್ಲಿ—"

"ಏಳಿ ಅಂದೆ. ಇನ್ನು ಇದನ್ನ ಮುಟ್ಬೇಡಿ."

ಅಜ್ಜಿ ಎದೆಗೆ ಕೈಯಿಟ್ಟುಕೊಂಡಳು. "ಅಳಿಯಂದ್ರಿಗೆ ಇಂಗೆ ಮಾತಾಡೋದಾ?" ಎಂದಳು. ಅಮ್ಮ ಅತ್ತ ತಿರುಗಲಿಲ್ಲ. ಮದುವೆಯಾಗಿ ಆ ಮನೆಗೆ ಬಂದ ಮೇಲೆ ಅವಳು ಅಳಿಯನಿಗೆ ಬೇಡ ಎಂದದ್ದು ಅದೇ ಮೊದಲು. ಮಾವ ಎದ್ದರು. ಕುರ್ಚಿ ಖಾಲಿಯಾಯಿತು. ಅಮ್ಮ ನನ್ನ ಕಡೆ ನೋಡಿದಳು.

"ಸವೀ, ಬಾ ಕೂತ್ಕೋ. ಶನಿವಾರ ಏನ್ ಮಾಡಿದ್ಯೋ ಅದನ್ನ ಸರಿ ಮಾಡು."

ಅಂದರೆ ಭಾನುವಾರ ಎಲ್ಲರೂ ನಕ್ಕಾಗ ಅವಳೊಬ್ಬಳು ನನ್ನ ಮಾತನ್ನು ನಂಬಿದ್ದಳು. ನಾನು ಹೋಗಿ ಕೂತೆ. ಸ್ವಿಚ್ಚು ಹಾಕಿ ಗುಂಡಿ ಒತ್ತಿದೆ, ಸಿ.ಡಿ. ತೆಗೆದೆ, ಪಟ್ಟಿ ತೆರೆದೆ. ಈ ಸಲ ಒಂದೊಂದೇ ಹೆಸರು ಓದಿದೆ. ಹದಿನೇಳನೆಯದು ಅದು. ಗುರುತು ಹಾಕಿದೆ, ಮತ್ತೆ ಆರಿಸಿ ಹಚ್ಚಿದೆ, ಎರಡು ನಿಮಿಷದೊಳಗೆ ಎದ್ದಿತು. ಒಂದು ಕೀಲಿ ಒತ್ತಿದೆ, "ಅ" ಬಂತು. ಚಪ್ಪಾಳೆ ಬೀಳುತ್ತದೆಂದು ಕಾದೆ. ಅಮ್ಮ ನನ್ನ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ಕೂತು, ಮಂಜುಳಾಳನ್ನು ಒಳಗೆ ಕರೆದಳು. ಮಂಜುಳಾ ಓದುತ್ತ ಹೋದಳು, ಅಮ್ಮ ಹೊಡೆಯುತ್ತ ಹೋದಳು. ಒಂದು ಗಂಟೆಗೆ ಕರೆಂಟ್ ಹೋಗುವ ಮುಂಚೆ ಆರು ಪುಟವೂ ಸೇರಿ ಅಧ್ಯಾಯ ಪೂರ್ತಿ ಫ್ಲಾಪಿಯಲ್ಲಿತ್ತು. ಮಂಜುಳಾ ಬರಿಗಾಲಲ್ಲೇ ಗೇಟಿನವರೆಗೆ ಓಡಿ, ಚಪ್ಪಲಿಗೆ ವಾಪಸ್ ಬಂದು, ಮತ್ತೆ ಓಡಿದಳು. ಜನರೇಟರ್ ಇದ್ದ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಬೈಂಡ್ ಮಾಡಿಸಿ, ಮೂರೂಮುಕ್ಕಾಲಿಗೆ ಕಚೇರಿಯಲ್ಲಿ ಕೊಟ್ಟೆನೆಂದು ಸಂಜೆ ಬಂದು ಹೇಳಿ, ಅಮ್ಮನ ಕೈ ಹಿಡಿದುಕೊಂಡಳು.

ಅವಳು ಹೋದ ಮೇಲೆ ಅಮ್ಮ ಜಗುಲಿಯಲ್ಲಿ ಅಕ್ಕಿ ಆರಿಸುತ್ತ ಕೂತಳು. ನಾನು ಹತ್ತಿರ ಹೋದೆ.

"ಬೆಳಿಗ್ಗೇನೇ ಗೊತ್ತಾಗಿತ್ತಾ ನಿಂಗೆ?"

"ಹ್ಞೂ."

"ನಿಂಗೆ ಗೊತ್ತಿದ್ರೆ ಹೇಳ್ತೀಯ ಅಂದ್ಕೊಂಡು ನಾನು ಕೇಳ್ಲಿಲ್ಲ. ಆ ಹುಡುಗಿ ಅಳ್ತಿದ್ದಿದ್ದು ಕಾಣ್ತಿತ್ತಾ?"

"ಮಾವನೇ ತಾನೇ ನಾನು ಮಾಡಿದ್ದು ಅಂದಿದ್ದು? ಅವರಿಗೇ ಬುದ್ಧಿ ಬರ್ಲಿ ಅಂತ," ಎಂದೆ.

ಅಮ್ಮ ಮೊರದಿಂದ ಕಣ್ಣೆತ್ತಲಿಲ್ಲ. ದನಿಯೂ ಏರಲಿಲ್ಲ.

"ನಿಮ್ಮಾವ ಗೊತ್ತಿಲ್ದೆ ಕೆಡಿಸ್ತಾರೆ. ನೀನು ಗೊತ್ತಿದ್ದೂ ಸುಮ್ನಿದ್ದೆ. ಇನ್ಮೇಲೆ ಇಬ್ರೂ ಅದನ್ನ ಮುಟ್ಬೇಡಿ."

ಹೊಡೆದಿದ್ದರೆ ಸಹಿಸುತ್ತಿದ್ದೆ. ಮಾವನಂತೆ ಆಗದಿರುವುದೇ ನನ್ನ ಬದುಕಿನ ಏಕೈಕ ಗುರಿಯಾಗಿದ್ದಾಗ, ಅಮ್ಮ ನನ್ನನ್ನೂ ಪುಟ್ಟಸ್ವಾಮಿ ಮಾವನನ್ನೂ ಒಂದೇ ವಾಕ್ಯದಲ್ಲಿ ಕಟ್ಟಿ ಹೊರಗೆ ಹಾಕಿದಳು. ಅಷ್ಟೇ ಅಲ್ಲ, ಆ ವಾಕ್ಯದಲ್ಲಿ ನಾನೇ ಅವರಿಗಿಂತ ಕೆಳಗಿದ್ದೆ.

ಮುಂದಿನ ಭಾನುವಾರ ಮಾವ ಬರುವುದಿಲ್ಲವೆಂದುಕೊಂಡಿದ್ದೆ. ಮಾನ ಇರುವವರು ಬರುತ್ತಿರಲಿಲ್ಲ. ಸಾರು ಕುದಿಯುವ ಹೊತ್ತಿಗೆ ಸರಿಯಾಗಿ ಬಂದರು. ಹಾಲಿನಲ್ಲಿ ಅಮ್ಮ ಟೈಪ್ ಮಾಡುತ್ತಿದ್ದಳು, ಎದ್ದು ಕುರ್ಚಿ ಬಿಟ್ಟುಕೊಡಲಿಲ್ಲ. ಕುಡಿಯಲು ನೀರು ಕೊಟ್ಟು ಮತ್ತೆ ಹೋಗಿ ಕೂತಳು. ಮಾವ ಸ್ವಲ್ಪ ಹೊತ್ತು ಹೊಸ್ತಿಲಲ್ಲಿ ನಿಂತು, ಜಗುಲಿಗೆ ಬಂದು ನನ್ನ ಪಕ್ಕದಲ್ಲಿ ಕೂತರು. ಅಜ್ಜಿ ಒಳಗಿದ್ದಾಳೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

"ಸವೀ, ಆ ಪಟ್ಟಿ ಎಲ್ಲಿರುತ್ತಮ್ಮ? ನಮ್ಮ ಲ್ಯಾಬಲ್ಲೂ ಎಲ್ಲಾ ಬಹಳ ಸ್ಲೋ. ಪ್ರಿನ್ಸಿಪಾಲರು ದಿನಾ ಬೈತಾರೆ."

ಆಗ ನನಗೆ ಅವರ ಮೇಲೆ ಕನಿಕರ ಉಕ್ಕಿತು ಎಂದು ಬರೆದರೆ ಓದುವವರಿಗೆ ಹಿತವಾಗುತ್ತಿತ್ತು. ಉಕ್ಕಲಿಲ್ಲ. ನಲವತ್ತು ದಾಟಿದ ಗಂಡಸು, ಬರಿಯ ಎಂಟು ಸಾಲು, ಅದಕ್ಕೂ ಅಜ್ಜಿ ಕೇಳಿಸಿಕೊಂಡಾಳೆಂಬ ಹೆದರಿಕೆ. ನೋಡಲೇ ಅಸಹ್ಯವಾಗುತ್ತಿತ್ತು. ಗೊತ್ತಿಲ್ಲ ಎನ್ನಲು ನಾಲಿಗೆಯ ತುದಿಯವರೆಗೆ ಬಂತು. ಆದರೆ ಗೊತ್ತಿದ್ದೂ ಸುಮ್ಮನಿರುವುದನ್ನು ನಾನು ಒಮ್ಮೆ ಮಾಡಿಯಾಗಿತ್ತು. ಹೇಳತೊಡಗಿದೆ. ದಡ್ಡ ಹುಡುಗರಿಗೆ ಮೇಷ್ಟ್ರುಗಳು ಹೇಳುತ್ತಾರಲ್ಲ, ಆ ರಾಗದಲ್ಲಿ, ಒಂದೊಂದೇ ಮೆಟ್ಟಿಲು. ಎಲ್ಲದರ ಗುರುತೂ ತೆಗೆಯಬೇಡಿ, ಒಂದೊಂದೇ ಹೆಸರು ಓದಿ ಆಮೇಲೆ ತೆಗೆಯಿರಿ ಎಂದೂ ಹೇಳಿದೆ. ಮಾವ ಜೇಬಿನಿಂದ ಪೆನ್ನು ತೆಗೆದು ಅಂಗೈಯ ಮೇಲೆ ಬರೆದುಕೊಳ್ಳುತ್ತಿದ್ದರು. ಸ್ಪೆಲಿಂಗ್ ತಪ್ಪಿತ್ತು, ತಿದ್ದಿದೆ. ಒಳಗೆ ಅಮ್ಮನ ಟೈಪಿಂಗಿನ ಸದ್ದು ನಿಂತಿತು. ನಾನು ಹೇಳಿ ಮುಗಿಸುವವರೆಗೂ ನಿಂತೇ ಇತ್ತು.